ಹೊಸ ಪುಸ್ತಕಕ್ಕೆ ಕಾಯದೆ ಪ್ರಾಥಮಿಕ ಶಾಲೆಯ ವಿಜ್ಞಾನ ಪಾಠವನ್ನು ಹೊಸದು ಮಾಡಿಕೊಳ್ಳುವ ಬಗೆ

ತುಂಬ ವರ್ಷ ನಾನು ಮಕ್ಕಳಿಗೆ ಒಂದು ತಪ್ಪನ್ನೇ ಪಾಠ ಮಾಡಿದೆ. ಗೊತ್ತಿದ್ದು ಮಾಡಿದ್ದಲ್ಲ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದ ಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. "ನೋಡಿ, ಗಾಳಿಯ ಐದನೇ ಒಂದು ಭಾಗ ಆಮ್ಲಜನಕ ಖರ್ಚಾಯಿತು. ಆ ಜಾಗಕ್ಕೆ ನೀರು ಬಂತು" ಎಂದು ಹೇಳಿ ಕರಿಹಲಗೆ ಒರೆಸಿಬಿಡುತ್ತಿದ್ದೆ.

ಒಂದು ವರ್ಷ ಐದನೇ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಮಿಸ್, ಬತ್ತಿ ಉರಿಯುವಾಗ ನೀರು ಏರಲೇ ಇಲ್ಲ. ಆರಿದ ಮೇಲೆ ಏರಿತು. ಯಾಕೆ?"

ನನ್ನ ಬಳಿ ಉತ್ತರ ಇರಲಿಲ್ಲ. ಮನೆಗೆ ಹೋಗಿ ಒಂದರ ಬದಲು ಮೂರು ಬತ್ತಿ ಇಟ್ಟು ನೋಡಿದೆ. ನೀರು ಇನ್ನೂ ಮೇಲೆ ಏರಿತು. ಅದೇ ಲೋಟ, ಅದರಲ್ಲಿರುವ ಗಾಳಿಯೂ ಅಷ್ಟೇ. ಬತ್ತಿ ಜಾಸ್ತಿ ಆದ ಮಾತ್ರಕ್ಕೆ ಆಮ್ಲಜನಕ ಜಾಸ್ತಿ ಆಗುತ್ತದೆಯೇ? ಇಲ್ಲ. ಜಾಸ್ತಿ ಆದದ್ದು ಬಿಸಿ. ಬಿಸಿಗೆ ಹಿಗ್ಗಿದ ಗಾಳಿಯಲ್ಲಿ ಸ್ವಲ್ಪ ಭಾಗ ಲೋಟದ ಅಂಚಿನಿಂದ ಗುಳ್ಳೆಯಾಗಿ ಹೊರಗೆ ಹೋಗಿರುತ್ತದೆ. ಬತ್ತಿ ಆರಿ ಒಳಗಿನ ಗಾಳಿ ತಣ್ಣಗಾದಾಗ ಕುಗ್ಗುತ್ತದೆ, ಹೊರಗಿನ ಗಾಳಿ ನೀರನ್ನು ಒಳಗೆ ಒತ್ತುತ್ತದೆ. ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರಿಹೋಗಿರುತ್ತದೆ.

ಪಠ್ಯಕ್ರಮ ಹೊಸದು ಮಾಡುವುದು ಎಂದರೆ ಶಾಲೆಗೆ ಸ್ಮಾರ್ಟ್ ಟಿವಿ ತರುವುದು ಎಂದೇ ಅಲ್ಲಿಯವರೆಗೆ ಅಂದುಕೊಂಡಿದ್ದೆ. ಆ ಪ್ರಶ್ನೆಯ ಮೇಲೆ ಕೆಲಸವನ್ನು ಬೇರೆ ಕಡೆಯಿಂದ ಶುರು ಮಾಡಿದೆ. ಈಗ ಯಾವ ಪಾಠ ತೆಗೆದುಕೊಂಡರೂ ಮೊದಲು ಕೇಳಿಕೊಳ್ಳುವುದು ಒಂದೇ: ಇದನ್ನು ಮಗು ತಾನೇ ಪರೀಕ್ಷೆ ಮಾಡಿ ನೋಡಬಹುದೇ? ಮೂರರಿಂದ ಏಳನೇ ತರಗತಿಯವರೆಗೆ ಪರಿಸರ ಅಧ್ಯಯನ, ವಿಜ್ಞಾನ ತೆಗೆದುಕೊಳ್ಳುವ ಶಿಕ್ಷಕರಿಗಾಗಿ ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿರುವ ಅಪ್ಪ ಅಮ್ಮಂದಿರೂ ಓದಬಹುದು.

1. ಏನು ನಮ್ಮ ಕೈಯಲ್ಲಿದೆ, ಏನಿಲ್ಲ

ಪಠ್ಯಪುಸ್ತಕ ಬದಲಿಸುವುದು ನಮ್ಮ ಕೆಲಸ ಅಲ್ಲ. ಅದಕ್ಕೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ ಇದೆ, ಪಠ್ಯಪುಸ್ತಕ ಸಂಘ ಇದೆ. ಅವರಿಗಾಗಿ ಕಾಯುತ್ತಾ ಕೂತರೆ ಆಗುವುದಿಲ್ಲ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರಲ್ಲಿ ಬಂದ ಮೇಲೆ ಶಾಲಾ ಶಿಕ್ಷಣಕ್ಕೆ ಮುಂದಿನದು ಬಂದದ್ದು 2023ರಲ್ಲಿ. ನಡುವೆ 18 ವರ್ಷ. 2005ರಲ್ಲಿ ಒಂದನೇ ತರಗತಿ ಸೇರಿದ ಮಗು ಅಷ್ಟು ಹೊತ್ತಿಗೆ ಓದು ಮುಗಿಸಿ ಕೆಲಸ ಹುಡುಕುತ್ತಿತ್ತು.

ಯಾವ ತರಗತಿಯಲ್ಲಿ ಮಗು ಏನು ಕಲಿತಿರಬೇಕು ಎನ್ನುವ ಕಲಿಕಾ ಫಲಗಳನ್ನೂ ನಾವು ಮುಟ್ಟುವ ಹಾಗಿಲ್ಲ. ಆದರೆ ಯಾವ ಉದಾಹರಣೆ ಕೊಡಬೇಕು, ಯಾವ ಚಟುವಟಿಕೆ ಮಾಡಿಸಬೇಕು, ಯಾವ ಪಾಠ ಯಾವ ತಿಂಗಳು, ಕಿರುಪರೀಕ್ಷೆಯಲ್ಲಿ ಏನು ಕೇಳಬೇಕು, ಇಷ್ಟೂ ನಮ್ಮ ಕೈಯಲ್ಲಿದೆ. ಊರಿನ ಸುತ್ತಮುತ್ತಲಿನದನ್ನು ತರಗತಿಗೆ ತನ್ನಿ ಎಂದು ಎರಡೂ ಚೌಕಟ್ಟುಗಳು ಹೇಳುತ್ತವೆ. ಯಾರಾದರೂ ಕೇಳಿದರೆ ಪಾಠ ಯೋಜನೆಯಲ್ಲಿ ಕಲಿಕಾ ಫಲದ ಎದುರಿಗೆ ನಿಮ್ಮ ಚಟುವಟಿಕೆ ಬರೆದಿಟ್ಟಿರುವುದನ್ನು ತೋರಿಸಿ. ನನಗೆ ಇವತ್ತಿನವರೆಗೆ ಯಾರೂ ಬೇಡ ಎಂದಿಲ್ಲ.

2. ಮೂರು ಬಣ್ಣದ ಪೆನ್ಸಿಲ್ ಹಿಡಿದು ಪುಸ್ತಕ ಓದಿ

ಶಾಲೆ ಶುರುವಾಗುವ ಮೊದಲು, ಮೇ ಕೊನೆಯಲ್ಲಿ, ನಿಮ್ಮ ಸ್ವಂತ ಪ್ರತಿಯನ್ನು ತೆಗೆದುಕೊಂಡು ಕೂತುಕೊಳ್ಳಿ. ತಪ್ಪು ಅಥವಾ ದಾರಿ ತಪ್ಪಿಸುವ ಮಾತಿಗೆ ಕೆಂಪು. ಹಳೆಯದಾದ ವಸ್ತುವಿಗೆ ಹಸಿರು. ಹಾಗೇ ಇರಲಿ ಎನ್ನುವುದಕ್ಕೆ ನೀಲಿ. ಪುಸ್ತಕದ ಜೊತೆಗೆ ನಿಮ್ಮ ಹಳೇ ನೋಟ್ಸು, ಅಂಗಡಿಯ ಗೈಡು, ಗೋಡೆಯ ಚಾರ್ಟುಗಳನ್ನೂ ಇಟ್ಟುಕೊಳ್ಳಿ. ನನ್ನ ಅನುಭವದಲ್ಲಿ ಕೆಂಪು ಗೆರೆ ಜಾಸ್ತಿ ಬೀಳುವುದು ಪುಸ್ತಕಕ್ಕಲ್ಲ, ಅವಕ್ಕೆ.

ಕೆಂಪಿಗೆ ಕೆಲವು ಉದಾಹರಣೆ ಕೊಡುತ್ತೇನೆ. ಒಂಬತ್ತು ಗ್ರಹಗಳ ಚಾರ್ಟು ಇನ್ನೂ ಎಷ್ಟೋ ಗೋಡೆಗಳ ಮೇಲಿದೆ. ಪ್ಲೂಟೊವನ್ನು ಕುಬ್ಜಗ್ರಹ ಎಂದು ಬೇರೆ ಮಾಡಿದ್ದು 2006ರ ಆಗಸ್ಟ್‌ನಲ್ಲಿ. ಆ ಚಾರ್ಟನ್ನು ಹರಿದು ಹಾಕಬೇಡಿ. "ಇದನ್ನು ಯಾಕೆ ತೆಗೆದರು?" ಎಂದು ಕೇಳಲು ಅದೇ ಬೇಕು. ಸೂರ್ಯನ ಸುತ್ತ ತಿರುಗುವ ದಾರಿಯಲ್ಲಿ ಬೇರೆ ಕಾಯಗಳನ್ನು ಸರಿಸಿ ತನ್ನ ಜಾಗ ಮಾಡಿಕೊಳ್ಳಬೇಕು ಎನ್ನುವ ನಿಯಮದಲ್ಲಿ ಪ್ಲೂಟೊ ನಪಾಸಾಯಿತು. ಶನಿಗೆ ಎಷ್ಟು ಚಂದ್ರರು ಎನ್ನುವ ಪ್ರಶ್ನೆಯನ್ನಂತೂ ಬಿಟ್ಟೇಬಿಡಿ. 2025ರ ಮಾರ್ಚ್‌ನಲ್ಲಿ ಒಂದೇ ಸಲ 128 ಹೊಸವು ಸೇರಿ ಲೆಕ್ಕ 274ಕ್ಕೆ ಹೋಯಿತು. ಮಗು ಬಾಯಿಪಾಠ ಮಾಡಿ ಮುಗಿಸುವುದರೊಳಗೆ ಮತ್ತೆ ಬದಲಾಗಬಹುದು.

ನಾಲಿಗೆಯ ತುದಿಯಲ್ಲಿ ಸಿಹಿ, ಹಿಂದೆ ಕಹಿ, ಪಕ್ಕದಲ್ಲಿ ಹುಳಿ ಎನ್ನುವ ಚಿತ್ರವೂ ತಪ್ಪು. ರುಚಿ ತಿಳಿಯುವ ಎಲ್ಲ ಭಾಗದಲ್ಲೂ ಎಲ್ಲ ರುಚಿ ತಿಳಿಯುತ್ತದೆ. ಸಕ್ಕರೆ ನೀರು, ಉಪ್ಪು ನೀರು, ನಿಂಬೆ ರಸ, ಹಾಗಲಕಾಯಿ ರಸ ಮಾಡಿಟ್ಟು, ಒಬ್ಬೊಬ್ಬರಿಗೂ ಅದ್ದಲು ಬೇರೆ ಬೇರೆ ಹತ್ತಿ ಕಡ್ಡಿ ಕೊಡಿ. ಹಾಗಲಕಾಯಿ ನಾಲಿಗೆಯ ತುದಿಗೆ ತಗುಲಿದ ಕೂಡಲೇ ಮಕ್ಕಳ ಮುಖ ನೋಡಬೇಕು! ಚಿತ್ರ ಅಲ್ಲೇ ಬಿದ್ದುಹೋಗುತ್ತದೆ.

"ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆ" ಎನ್ನುವುದು ಪುಸ್ತಕದಲ್ಲಿ ಇರುವುದಿಲ್ಲ, ಮಕ್ಕಳ ತಲೆಯಲ್ಲಿ ಇರುತ್ತದೆ. ಕೆಲವು ಸಲ ನಮ್ಮ ತಲೆಯಲ್ಲೂ! ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ನಾವು ಸ್ವೆಟರ್ ಹಾಕಿಕೊಂಡಿರುವಾಗ. ಇದನ್ನೂ ಕೆಂಪಿನಲ್ಲಿ ಬರೆದುಕೊಳ್ಳಿ.

ಹಸಿರು ಸುಲಭ. ಸಂಪರ್ಕ ಸಾಧನಗಳ ಪಾಠದಲ್ಲಿ ಟೆಲಿಗ್ರಾಂ ಬಂದರೆ, ಅದು 2013ರ ಜುಲೈನಲ್ಲೇ ನಿಂತುಹೋಯಿತು. ಪಾದರಸದ ಜ್ವರಮಾಪಕದ ಜಾಗಕ್ಕೆ ಡಿಜಿಟಲ್ ಬಂದಿದೆ. ಅದನ್ನು ಒದರಿ ಪಾದರಸ ಇಳಿಸುವ ಕೆಲಸ ಇಲ್ಲ. ಒಡೆದರೆ ಅಪಾಯವಾದ್ದರಿಂದ ಪಾದರಸದ್ದನ್ನು ಮಕ್ಕಳ ಕೈಗೆ ಕೊಡಲೇಬೇಡಿ. ಆದರೆ ವಸ್ತು ಹಳೆಯದಾದರೆ ತತ್ವವೂ ಹಳೆಯದಾಗಬೇಕಿಲ್ಲ. ಬಿಸಿಗೆ ದ್ರವ ಹಿಗ್ಗುತ್ತದೆ ಎನ್ನುವುದನ್ನು ತೋರಿಸಲು ಬಣ್ಣದ ನೀರು ತುಂಬಿದ ಇಂಜೆಕ್ಷನ್ ಬಾಟಲಿ, ಅದರ ರಬ್ಬರ್ ಮುಚ್ಚಳಕ್ಕೆ ಚುಚ್ಚಿದ ಖಾಲಿ ರೀಫಿಲ್ ಸಾಕು. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟರೆ ರೀಫಿಲ್‌ನಲ್ಲಿ ನೀರು ಏರುತ್ತದೆ.

ನೀಲಿಯೇ ಜಾಸ್ತಿ ಇರುತ್ತದೆ, ಇರಲಿ. ಒದ್ದೆ ಹತ್ತಿಯಲ್ಲಿ ಮೊಳಕೆ ಒಡೆಯುವ ಹೆಸರುಕಾಳಿಗೆ ಯಾವ ಅಪ್‌ಡೇಟೂ ಬೇಡ.

3. ಸೇರಿಸುವ ಮೊದಲು ಕಳೆಯಿರಿ

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಕಲಿಕೆ ನಡೆಯಬೇಕು. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ಇದು ಎಲ್ಲ ವಿಷಯಕ್ಕೂ ಸೇರಿ. ನಿಮ್ಮ ವೇಳಾಪಟ್ಟಿಯಲ್ಲಿ ದಿನಕ್ಕೊಂದು ವಿಜ್ಞಾನದ ಪೀರಿಯಡ್ ಇದೆ ಅಂದುಕೊಳ್ಳೋಣ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಪರೀಕ್ಷೆ, ತರಬೇತಿ, ಇನ್ನೊಬ್ಬ ಶಿಕ್ಷಕರು ರಜೆ ಹಾಕಿದ ದಿನ ಎರಡು ತರಗತಿ ಒಟ್ಟಿಗೆ ಕೂರಿಸಿದ್ದು, ಇಷ್ಟನ್ನೂ ಕಳೆಯಿರಿ. 200ರಲ್ಲಿ ನನಗೆ 150 ಸಿಕ್ಕಿದ್ದೇ ಪುಣ್ಯ.

ಹಾಗಾಗಿ ಒಂದು ಹೊಸ ಚಟುವಟಿಕೆ ಸೇರಿಸಿದರೆ ಅಷ್ಟೇ ಪೀರಿಯಡ್‌ನ ಹಳೆಯದೊಂದು ಹೋಗಲೇಬೇಕು. ನಾನು ಮೊದಲು ತೆಗೆದದ್ದು ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆಗಳನ್ನು ನೋಟ್ಸಿಗೆ ಇಳಿಸುವ ಕೆಲಸ. ಅದರಿಂದಲೇ ತಿಂಗಳಿಗೆ ನಾಲ್ಕು ಪೀರಿಯಡ್ ಉಳಿಯಿತು.

4. ತಂತ್ರಜ್ಞಾನವನ್ನು ಊರಿನಲ್ಲೇ ಹುಡುಕಿ

"ತಂತ್ರಜ್ಞಾನ ಹೇಳಿಕೊಡೋಣ ಅಂದರೆ ಕಂಪ್ಯೂಟರ್ ಇಲ್ಲ" ಎನ್ನುವ ಮಾತು ಸಭೆಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಕಂಪ್ಯೂಟರ್ ಇಲ್ಲ, ಸರಿ. ಹಾಲಿನ ಡೈರಿ ಇಲ್ವಾ?

ಡೈರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಿ ದರ ಕೊಡುತ್ತಾರೆ. ಎಷ್ಟೋ ಮಕ್ಕಳ ಮನೆ ಅದರಿಂದಲೇ ನಡೆಯುತ್ತದೆ, ಆದರೆ ಅಲ್ಲಿ ಅಳೆಯುವುದು ಏನನ್ನು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ತೋರಿಸಲು ಕೇಳಿ. ವಾಪಸ್ ಬಂದು ನೀವೇ ಒಂದು ಮಾಡಿ. ಸ್ಟ್ರಾದ ಒಂದು ತುದಿಗೆ ಆಟದ ಜೇಡಿಮಣ್ಣು ಮೆತ್ತಿ, ನೀರಿನಲ್ಲಿ ನೆಟ್ಟಗೆ ತೇಲುವ ಹಾಗೆ ಮಾಡಿ. ನೀರಿನ ಮಟ್ಟ ತಾಗುವ ಕಡೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಈಗ ನೀರಿಗೆ ಒಂದೊಂದೇ ಚಮಚ ಉಪ್ಪು ಹಾಕಿ ಕಲಸುತ್ತಾ ಹೋಗಿ. ಸ್ಟ್ರಾ ಮೇಲೇಳುತ್ತದೆ. ಉಪ್ಪುನೀರಿಗೆ ಮತ್ತೆ ಸಾದಾ ನೀರು ಬೆರೆಸಿ, ಕೆಳಗೆ ಇಳಿಯುತ್ತದೆ. ಹಾಲಿಗೆ ನೀರು ಸೇರಿಸಿದರೆ ಲ್ಯಾಕ್ಟೋಮೀಟರ್ ಯಾಕೆ ಜಾಸ್ತಿ ಮುಳುಗುತ್ತದೆ ಎಂದು ಕೇಳಿದರೆ ಹಿಂದಿನ ಬೆಂಚಿನವನೂ ಹೇಳುತ್ತಾನೆ. ಹಾಲು ವ್ಯರ್ಥ ಮಾಡುವುದೇ ಬೇಡ.

ಒಂದು ಎಚ್ಚರಿಕೆ. ಯಾರ ಮನೆಯ ಹಾಲಿನ ಲೆಕ್ಕವನ್ನೂ ತರಗತಿಗೆ ತರಬೇಡಿ. ನಾನು ಒಮ್ಮೆ ಆ ತಪ್ಪು ಮಾಡಿ ಒಬ್ಬ ಹುಡುಗನ ಕಣ್ಣಲ್ಲಿ ನೀರು ತರಿಸಿದ್ದೇನೆ.

ಎರಡನೆಯದು ಕ್ಯೂಆರ್ ಕೋಡ್. ಟೀ ಅಂಗಡಿಯಿಂದ ತರಕಾರಿ ಗಾಡಿಯವರೆಗೆ ಎಲ್ಲಾ ಕಡೆ ಇದೆ, ಪಾಠದಲ್ಲಿ ಮಾತ್ರ ಇಲ್ಲ. ಜಪಾನಿನ ಡೆನ್ಸೊ ವೇವ್ ಕಂಪನಿ 1994ರಲ್ಲಿ ಮಾಡಿದ್ದು ಇದು. ಪಠ್ಯಪುಸ್ತಕದಲ್ಲೇ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದ ಕೋಡ್ ಇದ್ದರೆ ಅದನ್ನೇ ಬಳಸಿ. ಮೂರು ಮೂಲೆಯಲ್ಲಿರುವ ದೊಡ್ಡ ಚೌಕಗಳನ್ನು ಮಕ್ಕಳೇ ಗುರುತಿಸಲಿ. ನಾಲ್ಕನೇ ಮೂಲೆಯಲ್ಲಿ ಯಾಕಿಲ್ಲ? ಎಲ್ಲಾ ಕಡೆ ಇದ್ದರೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ಫೋನಿಗೆ ತಿಳಿಯುವುದಿಲ್ಲ. ಮೊದಲು ನಡುವೆ ಒಂದು ಅವರೆಕಾಳು ಇಟ್ಟು ಸ್ಕ್ಯಾನ್ ಮಾಡಿ. ಕೋಡ್ ದೊಡ್ಡದಾಗಿದ್ದರೆ ಸಾಮಾನ್ಯವಾಗಿ ಓದುತ್ತದೆ. ಒಂದಿಷ್ಟು ಭಾಗ ಅಳಿಸಿದರೂ ಮಾಹಿತಿ ಸಿಗುವ ಹಾಗೆ ಅದನ್ನು ಮಾಡಿದ್ದಾರೆ. ಆಮೇಲೆ ಮೂಲೆಯ ಚೌಕ ಮುಚ್ಚಿ. ಫೋನು ಪರದಾಡುತ್ತದೆ.

ಇದೇ ಪಾಠದಲ್ಲಿ ಇನ್ನೊಂದನ್ನು ತಪ್ಪದೆ ಹೇಳಿ: ಹಣ ಕೊಡಲು ಮಾತ್ರ ಯುಪಿಐ ಪಿನ್ ಬೇಕು, ಹಣ ಪಡೆಯಲು ಬೇಡ. ಅಜ್ಜಿಯ ಫೋನು ನಡೆಸುವವರು ಈ ಮಕ್ಕಳೇ, ಅಲ್ವಾ?

ಮೂರನೆಯದು ಕೃತಕ ಬುದ್ಧಿಮತ್ತೆ. 2026-27ರಿಂದ ಮೂರನೇ ತರಗತಿಯಿಂದಲೇ ಇದನ್ನು ತರುವುದಾಗಿ ಕೇಂದ್ರ ಶಿಕ್ಷಣ ಸಚಿವಾಲಯ ಹೇಳಿತು. ಕೇಳಿ ಎದೆ ಧಸಕ್ ಎಂದವರಲ್ಲಿ ನಾನೂ ಒಬ್ಬಳು. ಕೊನೆಗೆ ಎಲೆಗಳ ಹತ್ತಿರ ಹೋದೆ. ಶಾಲೆಯ ಸುತ್ತ ಸಿಗುವ ಅರಳಿ, ಮಾವು, ಬೇವು, ಹುಣಸೆ, ನಾಲ್ಕು ಎಲೆ ತನ್ನಿ. ಹೌದು, ಇಲ್ಲ ಎನ್ನುವ ಪ್ರಶ್ನೆ ಮಾತ್ರ ಕೇಳಿ ಎಲೆಯ ಹೆಸರು ಹೇಳಬೇಕು. "ಒಂದೇ ಕಡ್ಡಿಗೆ ತುಂಬಾ ಚಿಕ್ಕ ಎಲೆಗಳಿವೆಯಾ?" ಹೌದು. "ಅಂಚು ಗರಗಸದ ಹಾಗಿದೆಯಾ?" ಹೌದಾದರೆ ಬೇವು, ಇಲ್ಲವಾದರೆ ಹುಣಸೆ. ಮೊದಲ ಪ್ರಶ್ನೆಗೆ ಇಲ್ಲ ಎಂದು ಬಂದರೆ, "ತುದಿ ಬಾಲದ ಹಾಗೆ ಉದ್ದ ಇದೆಯಾ?" ಹೌದಾದರೆ ಅರಳಿ, ಇಲ್ಲವಾದರೆ ಮಾವು. ಮಕ್ಕಳು ನಿಯಮವನ್ನು ಹಲಗೆಯ ಮೇಲೆ ಬರೆದು ಹೆಮ್ಮೆಯಿಂದ ನಿಂತಿರುವಾಗ ನುಗ್ಗೆ ಸೊಪ್ಪಿನ ಕಡ್ಡಿ ಕೊಡಿ. ಚಿಕ್ಕ ಎಲೆ ತುಂಬಾ ಇವೆ, ಅಂಚು ಗರಗಸದ ಹಾಗಿಲ್ಲ. ನಿಯಮ ಅದನ್ನು ಹುಣಸೆ ಎನ್ನುತ್ತದೆ! ನಾಲ್ಕೇ ಎಲೆ ನೋಡಿ ಕಲಿತರೆ ಐದನೆಯದಕ್ಕೆ ಎಡವುತ್ತೇವೆ. ಯಂತ್ರವೂ ತಾನು ನೋಡದೇ ಇದ್ದದ್ದು ಎದುರಾದಾಗ ಹೀಗೇ ತಪ್ಪುತ್ತದೆ. ಇದಕ್ಕೆ ಫೋನು ಬೇಡ, ಕರೆಂಟೂ ಬೇಡ.

5. ಸಾಮಾನು ಹೊಂದಿಸುವುದು

ವಿದ್ಯುತ್ ಮಂಡಲದ ಪಾಠಕ್ಕೆ ಟಾರ್ಚಿನ ಹಳೇ ಬಲ್ಬು ಈಗ ಸುಲಭವಾಗಿ ಸಿಗುವುದಿಲ್ಲ. ಎಲ್‌ಇಡಿ ತಂದರೆ ಒಂದು ಶೆಲ್‌ಗೆ ಉರಿಯುವುದಿಲ್ಲ, "ಪ್ರಯೋಗ ಕೆಟ್ಟುಹೋಯಿತು" ಎಂದು ಡಬ್ಬಿ ಮುಚ್ಚುತ್ತೇವೆ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಪೆನ್ ಶೆಲ್ ಒಂದು ಒಂದೂವರೆ ವೋಲ್ಟ್. ಹಾಗಾಗಿ ಎರಡನ್ನು ಸಾಲಾಗಿ ಜೋಡಿಸಿ. ಎಲ್‌ಇಡಿಯ ಉದ್ದದ ಕಾಲು ಪ್ಲಸ್ ಕಡೆಗೆ. ತಿರುಗಿಸಿದರೆ ಉರಿಯುವುದಿಲ್ಲ. ಹಳೇ ಬಲ್ಬು ಹೇಗೆ ಜೋಡಿಸಿದರೂ ಉರಿಯುತ್ತಿತ್ತು. ಇದು ತೊಂದರೆಯಲ್ಲ, ಹೊಸ ಪಾಠ. ಒಂದು ಹಳೇ ಬಲ್ಬು ಸಿಕ್ಕರೆ ಪಕ್ಕದಲ್ಲಿಡಿ, ಒಳಗಿನ ತಂತಿ ಕಾಣುತ್ತದೆ.

ಗುಂಡಿ ಶೆಲ್ ಚಿಕ್ಕ ಮಕ್ಕಳ ಹತ್ತಿರ ಬೇಡವೇ ಬೇಡ, ನುಂಗಿದರೆ ಪ್ರಾಣಕ್ಕೇ ಅಪಾಯ. ಗೋಡೆಯ ಸ್ವಿಚ್ ಬೋರ್ಡಿನಿಂದ ಯಾವ ಪ್ರಯೋಗವೂ ಬೇಡ. ಉಳಿದ ಸಾಮಾನಿಗೆ ದುಡ್ಡು ಕೇಳುವ ಅವಶ್ಯಕತೆಯೇ ಇಲ್ಲ: ವೈರ್ ತುಂಡು ವೈರಿಂಗ್ ಮಾಡುವವರ ಹತ್ತಿರ, ಇಂಜೆಕ್ಷನ್ ಬಾಟಲಿ ಖಾಲಿಯಾದದ್ದನ್ನು ಚೆನ್ನಾಗಿ ತೊಳೆದು ಕುದಿಸಿದರೆ ಸಾಕು, ಪ್ಲಾಸ್ಟಿಕ್ ಬಾಟಲಿ ಎಲ್ಲೆಲ್ಲೂ.

6. ಪಾಠದ ಸಾಲನ್ನು ತಿಂಗಳಿಗೆ ಹೊಂದಿಸಿ

ಮಳೆಯ ಪಾಠ ಪುಸ್ತಕದ ಕೊನೆಯಲ್ಲಿದೆ ಎಂದು ಫೆಬ್ರವರಿಯಲ್ಲಿ ಮಾಡುವುದು ಯಾಕೆ? ಜೂನ್‌ನಲ್ಲಿ ಮಾಡಿ. ನೇರ ಗೋಡೆಯ ಬಾಟಲಿಯ ಕತ್ತು ಕತ್ತರಿಸಿ, ಆ ಭಾಗವನ್ನೇ ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸಿ. ತಳ ಉಬ್ಬುತಗ್ಗು ಇರುವುದರಿಂದ ಕಲ್ಲು ಹಾಕಿ, ನೇರ ಗೋಡೆ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿಗೆ ಸೊನ್ನೆ ಎಂದು ಗುರುತು ಮಾಡಿ. ಅಲ್ಲಿಂದ ಮೇಲಕ್ಕೆ ಸ್ಕೇಲು ಅಂಟಿಸಿ. ಮರ, ಸೂರು ಯಾವುದೂ ಅಡ್ಡ ಇರದ ಕಡೆ ಇಡಿ. ಮಳೆಯ ದಿನವನ್ನು ಬೆಳಿಗ್ಗೆ 8:30ರಿಂದ ಮರುದಿನ 8:30ಕ್ಕೆ ಲೆಕ್ಕ ಹಾಕುತ್ತಾರೆ. ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಕ್ಕ ಬೇಗ ಬರುತ್ತಾರೆ. ಅವರ ಮಗನೇ ಮಳೆ ಲೆಕ್ಕಿಗ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕ ಇಟ್ಟಿದೆ. ಅವರ ಅಂಕಿ ಪಡೆದು ಮಕ್ಕಳ ಅಂಕಿಯ ಪಕ್ಕದಲ್ಲಿ ಬರೆಸಿ. ಎರಡೂ ಒಂದೇ ಬರುವುದಿಲ್ಲ. ಯಾಕೆ ಬರಲಿಲ್ಲ ಎನ್ನುವ ಜಗಳದಲ್ಲಿ ಪಾಠ ಇದೆ. ಗಣಿತವನ್ನೂ ಇದರೊಳಗೇ ತನ್ನಿ: ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್. ಶಾಲೆಯ ಚಾವಣಿ 100 ಚದರ ಮೀಟರ್ ಇದ್ದು 10 ಮಿಲಿಮೀಟರ್ ಮಳೆ ಬಂದರೆ 1000 ಲೀಟರ್. ಒಂದು ಟ್ಯಾಂಕ್ ಪೂರ್ತಿ!

ಆಗಸ್ಟ್‌ನಲ್ಲಿ ನೆರಳು. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲೆ ಎನ್ನುತ್ತೇವೆ. ಕರ್ನಾಟಕದಲ್ಲಿ ಅದು ನಿಜವಾಗಿ ನಡೆಯುವುದು ವರ್ಷಕ್ಕೆ ಎರಡು ಸಲ ಮಾತ್ರ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ. ಕಲಬುರಗಿಯಲ್ಲಿ ಎರಡನೆಯದು ಆಗಸ್ಟ್ ಮೊದಲ ವಾರದಲ್ಲೇ ಬರುತ್ತದೆ. ಏಪ್ರಿಲ್‌ನದು ರಜೆಯಲ್ಲಿ ಹೋಗುತ್ತದೆ, ಆಗಸ್ಟ್‌ನದು ನಮಗೆ ಸಿಗುತ್ತದೆ. ಮೋಡ ಬಿಟ್ಟರೆ! ಅದಕ್ಕೆ ಒಂದೇ ದಿನ ನೆಚ್ಚಿಕೊಳ್ಳದೆ ಹಿಂದೆ ಮುಂದೆ ಒಂದು ವಾರ ಕೋಲು ನೆಟ್ಟು, ನೆರಳು ಅತಿ ಚಿಕ್ಕದಾಗುವ ಸಮಯ ಬರೆಸಿ. ಅದು ಹನ್ನೆರಡಕ್ಕೆ ಆಗುವುದಿಲ್ಲ, ಬೆಂಗಳೂರಿನ ಕಡೆ 12:20ರ ಆಚೀಚೆ. ನಮ್ಮ ಗಡಿಯಾರದ ಸಮಯ ನಮ್ಮಿಂದ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ್ದು. ಐದನೇ ತರಗತಿಗೆ ಅಷ್ಟು ವಿವರ ಬೇಡ, ಏಳಕ್ಕೆ ಹೇಳಬಹುದು.

ಆಗಸ್ಟ್ 23 ರಾಷ್ಟ್ರೀಯ ಬಾಹ್ಯಾಕಾಶ ದಿನ. 2023ರಲ್ಲಿ ಚಂದ್ರಯಾನ-3 ಚಂದ್ರನ ಮೇಲೆ ಇಳಿದ ದಿನ. ಗ್ರಹಗಳ ಪಾಠವನ್ನು ಆ ವಾರಕ್ಕೆ ಎಳೆದುಕೊಳ್ಳಿ.

7. ಪ್ರಶ್ನೆಪತ್ರಿಕೆ ಬದಲಿಸಿ

ಇದನ್ನು ಬಿಟ್ಟರೆ ಮೇಲಿನದ್ದೆಲ್ಲಾ ಸುಮ್ನೆ. ಮಕ್ಕಳು ಜಾಣರು, ಪರೀಕ್ಷೆಗೆ ಬರದೇ ಇರುವುದು ಆಟ ಎಂದು ತಿಳಿಯುತ್ತಾರೆ.

ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಪ್ರಯೋಗದ ಮೂಲಕವೇ ವಿಜ್ಞಾನ ಕಲಿಸುವ ಕಾರ್ಯಕ್ರಮ ಶುರುವಾಯಿತು. ಸರ್ಕಾರಿ ಶಾಲೆಗಳೇ. ಅವರು ಕಿಟ್ ಕೊಟ್ಟು ಸುಮ್ಮನಾಗಲಿಲ್ಲ, ಪರೀಕ್ಷೆಯನ್ನೂ ಬದಲಿಸಿದರು: ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ, ಜೊತೆಗೆ ಪ್ರಯೋಗ. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು, ಆ ಕಥೆ ಬೇರೆ. ಮಕ್ಕಳು ಪ್ರಶ್ನೆ ಬರೆದು ಕಳಿಸಲಿ ಎಂದು ಸವಾಲೀರಾಮ್ ಎನ್ನುವ ಕಲ್ಪನೆಯ ವ್ಯಕ್ತಿಯೊಬ್ಬನನ್ನೂ ಅವರು ಹುಟ್ಟಿಸಿದ್ದರು. ನನ್ನ ತರಗತಿಯ ಪ್ರಶ್ನೆ ಡಬ್ಬಿ ಅಲ್ಲಿಂದ ಕದ್ದದ್ದು.

ವಾರ್ಷಿಕ ಪರೀಕ್ಷೆ ನಮ್ಮ ಕೈಯಲ್ಲಿ ಇಲ್ಲದಿರಬಹುದು. ವರ್ಷದ ನಡುವೆ ನಾವೇ ಮಾಡುವ ರೂಪಣಾತ್ಮಕ ಪರೀಕ್ಷೆ ಇದೆಯಲ್ಲ. "ಮಳೆಮಾಪಕ ಎಂದರೇನು?" ಎನ್ನುವ ಪ್ರಶ್ನೆಯ ಜಾಗಕ್ಕೆ ಇದನ್ನು ಹಾಕಿ ನೋಡಿ: "ಐದು ದಿನದ ಮಳೆ 4, 12, 95, 7, 0 ಮಿಲಿಮೀಟರ್ ಎಂದು ನಮ್ಮ ಶಾಲೆಯವರು ಬರೆದಿದ್ದಾರೆ. ಪಕ್ಕದ ಊರಿನವರು 5, 11, 9, 8, 0 ಎಂದು ಬರೆದಿದ್ದಾರೆ. ಯಾವ ಅಂಕಿಯ ಮೇಲೆ ನಿನಗೆ ಅನುಮಾನ? ಏನಾಗಿರಬಹುದು?" ಒಬ್ಬ ಹುಡುಗ ಬರೆದಿದ್ದ: "9.5ರ ಚುಕ್ಕಿ ಬಿಟ್ಟಿದ್ದಾರೆ." ಇನ್ನೊಬ್ಬಳು ಬರೆದಿದ್ದಳು: "ಯಾರೋ ಬಾಟಲಿಗೆ ಕೊಡದಿಂದ ನೀರು ಹಾಕಿದ್ದಾರೆ." ಇಬ್ಬರಿಗೂ ಪೂರ್ತಿ ಅಂಕ ಕೊಟ್ಟೆ. ಎರಡನೆಯದು ನಮ್ಮ ಶಾಲೆಯಲ್ಲಿ ನಡೆದೂ ಇತ್ತು.

8. ಬರೆದಿಡಿ

ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ, ಪ್ರತಿ ಪಾಠಕ್ಕೆ ಒಂದು ಪುಟ ಸಾಕು. ಏನು ತೆಗೆದೆ, ಏನು ಹಾಕಿದೆ, ಎಷ್ಟು ಪೀರಿಯಡ್ ಹಿಡಿಯಿತು, ಎಲ್ಲಿ ಕೆಟ್ಟಿತು. ಕೆಟ್ಟದ್ದನ್ನು ಮರೆಯದೆ ಬರೆಯಿರಿ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗೆ ಆ ನೋಟ್‌ಪುಸ್ತಕ ತೆಗೆದುಕೊಂಡು ಹೋಗಿ, ಒಂದೇ ಒಂದು ಪ್ರಯೋಗ ಮಾಡಿ ತೋರಿಸಿ. ಭಾಷಣ ಬೇಡ. ನಾನು ಮೂರು ಬತ್ತಿಯದ್ದನ್ನು ಮಾಡಿದ ದಿನ ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಮೊದಲ ವರ್ಷ ಎರಡೇ ಪಾಠ ಬದಲಿಸಿದರೂ ಸಾಕು. ನಾನು ಮೊದಲ ವರ್ಷವೇ ಒಂಬತ್ತಕ್ಕೆ ಕೈ ಹಾಕಿ, ಡಿಸೆಂಬರ್ ಹೊತ್ತಿಗೆ ಸುಸ್ತಾಗಿ ಬಿಟ್ಟಿದ್ದೆ.

ಮಾರ್ಚ್‌ನಲ್ಲಿ ಆ ನೋಟ್‌ಪುಸ್ತಕವನ್ನೇ ಮತ್ತೆ ಮೂರು ಬಣ್ಣದ ಪೆನ್ಸಿಲ್ ಹಿಡಿದು ಓದಿ. ವರ್ಗಾವಣೆ ಆದರೆ ಅದನ್ನು ಮನೆಗೆ ಒಯ್ಯಬೇಡಿ, ಶಾಲೆಯಲ್ಲೇ ಬಿಡಿ. ಬೀರುವಿನ ಮೇಲಿನ ಖಾನೆಯಲ್ಲಿ ಬೇಡ, ಚಾಕ್‌ಪೀಸ್ ಡಬ್ಬಿಯ ಪಕ್ಕದಲ್ಲಿಡಿ.